ಪಶ್ಚಿಮದ ಗೋಡೆಗೆ ಎರಡಿಂಚಿನ ಅಂಗಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಮನೆಗೆ ಆ ಭಾಗ್ಯ ಇಲ್ಲ. ನಮ್ಮದು 1994ರಲ್ಲಿ ಕಟ್ಟಿದ್ದು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಐದಿಂಚಿನ ಆರ್‌ಸಿಸಿ ಸ್ಲ್ಯಾಬು, ನೆಲಕ್ಕೆ ಶಹಾಬಾದ್ ಫರಸಿ. ಪಶ್ಚಿಮಕ್ಕೆ ಖಾಲಿ ಪ್ಲಾಟು, ಒಂದು ಗಿಡದ ನೆರಳೂ ಇಲ್ಲ. ಆ ಬದಿಯ ಕೋಣೆಯಲ್ಲಿ ನಮ್ಮ ಅತ್ತೆ ಮಲಗುತ್ತಾರೆ, ಈಗ ಅವರಿಗೆ ಎಂಬತ್ತನಾಲ್ಕು. 2018ರ ಬೇಸಿಗೆಯ ಒಂದು ರಾತ್ರಿ ಹತ್ತೂವರೆಗೆ ನನ್ನನ್ನು ಕರೆದು, "ಈ ಗ್ವಾಡಿ ಮ್ಯಾಲ ಕೈ ಇಟ್ಟು ನೋಡವಾ, ಒಲಿ ಆರಿಸಿದ ಮ್ಯಾಲಿನ ಹಂಚಿನಂಗ ಅದ" ಅಂದರು.

ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿದವಳು ನಾನು. ಉಷ್ಣದ ಪಾಠವನ್ನು ಇಷ್ಟು ಚೊಕ್ಕವಾಗಿ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಒಲೆ ಆರಿಸಿದ ಮೇಲೂ ಹಂಚು ಇನ್ನೊಂದು ರೊಟ್ಟಿ ಬೇಯಿಸುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯೂ ಅಷ್ಟೇ: ಹೊರಗೆ ಬಿದ್ದ ಬಿಸಿಲು ಒಳಗೆ ತಲುಪಲು ಆರೇಳು ತಾಸು ತೆಗೆದುಕೊಳ್ಳುತ್ತದೆ. ನಾಲ್ಕು ಗಂಟೆಯ ಬಿಸಿಲು ರಾತ್ರಿ ಹತ್ತಕ್ಕೆ, ನಾವು ಹಾಸಿಗೆ ಹಾಸುವ ಹೊತ್ತಿಗೆ ಸರಿಯಾಗಿ ಒಳಗೆ ಬರುತ್ತದೆ. ಹೊರಗೆ ಗಾಳಿ ತಣ್ಣಗಾಗಿರುತ್ತದೆ, ಕೋಣೆ ಮಾತ್ರ ಕುದಿಯುತ್ತಿರುತ್ತದೆ. ಎಸಿ ರಾತ್ರಿಯಿಡೀ ಹೊಡೆದಾಡುವುದು ಆ ಗೋಡೆಯ ಜೊತೆ.

ಆ ಗೋಡೆಗೆ ಇನ್ಸುಲೇಶನ್ ಮಾಡಿಸಿದ ಕಥೆ ಇದು. ಪಠ್ಯಪುಸ್ತಕದಲ್ಲಿ 'ಉಷ್ಣ ಅವಾಹಕ' ಎಂದು ಬರೆಸುತ್ತಿದ್ದೆ, ಆದರೆ ಗೌಂಡಿಗೆ ಹಾಗೆ ಹೇಳಿದರೆ ಕೆಲಸ ಆಗುವುದಿಲ್ಲ. ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎರಡೂ ನನಗೆ ಗೊತ್ತು, ಯಾಕೆಂದರೆ ಎರಡನ್ನೂ ಮಾಡಿ ನೋಡಿದ್ದೇನೆ.

ಯಾವ ಗೋಡೆ? ಮೊದಲು ಅಳೆಯಿರಿ

ಮನೆಯ ನಾಲ್ಕೂ ಗೋಡೆಗೆ ಇನ್ಸುಲೇಶನ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಅವರು ಚದರಡಿ ಲೆಕ್ಕದಲ್ಲಿ ದುಡ್ಡು ಎಣಿಸುವವರು. ನಮ್ಮ ಕಡೆ ಕೆಟ್ಟ ಗೋಡೆ ಒಂದೇ, ಹೆಚ್ಚೆಂದರೆ ಒಂದೂವರೆ.

ಇನ್‌ಫ್ರಾರೆಡ್ ಥರ್ಮಾಮೀಟರು ಒಂದು ತನ್ನಿರಿ, ಅಥವಾ ಎಸಿ ರಿಪೇರಿಯವರ ಹತ್ತಿರ ಎರಡು ದಿನಕ್ಕೆ ಎರವಲು ಕೇಳಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನು ಇದಕ್ಕೆ ಆಗುವುದಿಲ್ಲ, ಮೈ ಜ್ವರದ ಆಚೆಗೆ ಅದರ ಲೆಕ್ಕ ಓಡದು. ಸ್ಟೀಲಿನ ಕಪಾಟು, ಕನ್ನಡಿ ಇಂಥ ಹೊಳೆಯುವ ವಸ್ತುಗಳ ಮೇಲೆ ಹಿಡಿಯಬೇಡಿ, ಸುಳ್ಳು ಹೇಳುತ್ತದೆ. ಬಣ್ಣ ಬಳಿದ ಗೋಡೆಯ ಮೇಲೆ ನಿಜ ಹೇಳುತ್ತದೆ. ಎಸಿ ಹಚ್ಚದ ಒಂದು ದಿನ, ಒಂದೇ ಜಾಗಕ್ಕೆ ಗುರುತು ಹಾಕಿಕೊಂಡು, ಎರಡು ತಾಸಿಗೊಮ್ಮೆ ಒಳಮೈಯ ಉಷ್ಣತೆ ಬರೆದಿಡಿ. ನನ್ನ ಬಳಿ ಹಳೆಯ ಹಾಜರಿ ಪುಸ್ತಕ ಒಂದು ಉಳಿದಿತ್ತು. ಮಕ್ಕಳ ಹೆಸರಿನ ಜಾಗದಲ್ಲಿ ಗೋಡೆಗಳ ಹೆಸರು ಬರೆದೆ.

2024ರ ಏಪ್ರಿಲ್ಲಿನ ಒಂದು ದಿನದ ಪುಟ ಹೀಗಿದೆ. ಪಶ್ಚಿಮದ ಗೋಡೆ, ಒಳಮೈ: ಮಧ್ಯಾಹ್ನ 2ಕ್ಕೆ 34 ಡಿಗ್ರಿ, ಸಂಜೆ 6ಕ್ಕೆ 37, ರಾತ್ರಿ 8ಕ್ಕೆ 39, ಹತ್ತೂವರೆಗೆ 41. ಅದೇ ಗೋಡೆಯ ಹೊರಮೈ ಸಂಜೆ ಐದಕ್ಕೆ 56 ಇತ್ತು. ಪೂರ್ವದ್ದು ಸಂಜೆ 37ಕ್ಕೆ ಏರಿ ಅಲ್ಲೇ ನಿಂತಿತು. ದಕ್ಷಿಣದ್ದು ಇಡೀ ದಿನ 34 ದಾಟಲಿಲ್ಲ.

ದಕ್ಷಿಣದ ಗೋಡೆಗೆ ಬಿಸಿಲು ಜಾಸ್ತಿ ಎಂದು ಬಹಳ ಜನ ನಂಬಿದ್ದಾರೆ. ಚಳಿಗಾಲಕ್ಕೆ ಅದು ನಿಜ. ಆದರೆ ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಚೆ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬಂದಿರುತ್ತಾನೆ, ಅಲ್ಲಿಂದ ಆಗಸ್ಟ್ ಆರಂಭದವರೆಗೆ ಉತ್ತರದ ಕಡೆಗಿರುತ್ತಾನೆ. ಬೇಸಿಗೆಯಲ್ಲಿ ದಕ್ಷಿಣದ ಗೋಡೆ ನೆರಳಿನಲ್ಲಿ ಕೂತ ಪುಣ್ಯವಂತೆ. ಅದಕ್ಕೆ ಒಂದು ರೂಪಾಯಿಯೂ ಹಾಕಬೇಡಿ.

ಇನ್ನೊಂದು ಅಗ್ಗದ ಪರೀಕ್ಷೆ ಇದೆ. ಶಾಲೆಯ ಮಕ್ಕಳು ಮಾಡೆಲ್ ಮಾಡಲು ಒಯ್ಯುವ ಥರ್ಮಾಕೋಲ್ ಹಾಳೆ, ಒಂದು ಇಂಚು ದಪ್ಪದ್ದು, ಎರಡು ಅಡಿಯ ಚೌಕ ತಂದು ಪಶ್ಚಿಮದ ಗೋಡೆಯ ಒಳಬದಿಗೆ ಟೇಪಿನಿಂದ ಅಂಟಿಸಿ. ರಾತ್ರಿ ಹತ್ತೂವರೆಗೆ ಬರಿಯ ಗೋಡೆಯನ್ನೂ ಹಾಳೆಯ ಮೈಯನ್ನೂ ಮುಟ್ಟಿ. ನಮ್ಮಲ್ಲಿ ಗೋಡೆ 41, ಹಾಳೆ 35. ನಮ್ಮ ಅತ್ತೆ ಹಾಳೆಗೆ ಬೆನ್ನು ಕೊಟ್ಟು ಕೂತವರು ಏಳಲೇ ಇಲ್ಲ. ಅಂಥ ವ್ಯತ್ಯಾಸ ನಿಮ್ಮ ಮನೆಯಲ್ಲಿ ಕಾಣದಿದ್ದರೆ ಮುಂದೆ ಓದುವ ಅಗತ್ಯವಿಲ್ಲ, ನಿಮ್ಮ ತೊಂದರೆ ಬೇರೆ ಎಲ್ಲೋ ಇದೆ.

ಗೋಡೆಗಿಂತ ಮೊದಲು ಮಾಳಿಗೆ

ಬರಿಯ ಆರ್‌ಸಿಸಿ ಸ್ಲ್ಯಾಬು ಶಾಖ ಬಿಡುವುದರಲ್ಲಿ ಒಂಬತ್ತು ಇಂಚಿನ ಗೋಡೆಗಿಂತ ಒಂದೂವರೆ ಪಟ್ಟು ಧಾರಾಳಿ. ಅದರ ಮೇಲೆ ಬಿಸಿಲು ದಿನವಿಡೀ ಬೀಳುತ್ತದೆ. ಹಾಗಾಗಿ ಮೇಲೆ ಮನೆ ಇಲ್ಲದವರು ಮಾಳಿಗೆ ಬಿಟ್ಟು ಗೋಡೆಗೆ ದುಡ್ಡು ಹಾಕಿದರೆ ತೂತಿನ ಕೊಡಕ್ಕೆ ಬಣ್ಣ ಬಳಿದಂತೆ. ನಾವು 2021ರಲ್ಲಿ ಬಿಳಿ ಟೈಲ್ಸ್ ಚೂರುಗಳನ್ನು ಹಾಕಿಸಿದೆವು. ಸಂಜೆ ಆರಕ್ಕೆ ಒಳಗಿನ ಸೂರು 44 ಇದ್ದದ್ದು 38ಕ್ಕೆ ಇಳಿಯಿತು. ಅದಾಗದಿದ್ದರೆ ಮಾರ್ಚಿನಲ್ಲಿ ಎರಡು ಕೈ ಸುಣ್ಣವಾದರೂ ಹೊಡೆಸಿ. 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತಾ ಎಂಬ ಕೇಂದ್ರದ ನಿಯಮಾವಳಿ ಸೂರಿನಿಂದ ಎಷ್ಟು ಶಾಖ ಇಳಿಯಬಹುದು ಎಂಬುದಕ್ಕೆ ಮಿತಿ ಹಾಕಿದೆ. ಅದು ಹೊಸ ಕಟ್ಟಡಗಳಿಗೆ ಮಾತ್ರ. ಹಳೆ ಮನೆಯವರಿಗೆ ಅವರವರ ಹಾಜರಿ ಪುಸ್ತಕವೇ ಸಂಹಿತೆ.

ಒಳಗಿನಿಂದ ಮಾಡಿಸಿ ಕೆಟ್ಟೆ

2019ರಲ್ಲಿ ಒಳಾಂಗಣದ ಅಂಗಡಿಯವನೊಬ್ಬ ಬಂದು, "ಎರಡು ದಿನದ ಕೆಲಸ ಮೇಡಂ, ಧೂಳಿಲ್ಲ, ಗೌಂಡಿ ಇಲ್ಲ" ಅಂದ. ಪಶ್ಚಿಮದ ಗೋಡೆಯ ಒಳಬದಿಗೆ ಕಟ್ಟಿಗೆ ಪಟ್ಟಿ ಹೊಡೆದು, ನಡುವೆ ಥರ್ಮಾಕೋಲ್ ತುರುಕಿ, ಮೇಲೆ ಪಿವಿಸಿ ಪ್ಯಾನೆಲ್ ಮುಚ್ಚಿದ. 22 ಸಾವಿರ. ಮೊದಲ ಬೇಸಿಗೆ ಸ್ವರ್ಗ. ಆಮೇಲೆ ಮಳೆಗಾಲ ಬಂತು.

ನೈಋತ್ಯ ಮುಂಗಾರು ಹೊಡೆಯುವುದೂ ಅದೇ ಗೋಡೆಗೆ ಎಂಬುದನ್ನು ನಾನು ಮರೆತಿದ್ದೆ. ಹೊರಗಿನ ಪ್ಲಾಸ್ಟರಿನ ಕೂದಲೆಳೆ ಬಿರುಕುಗಳಿಂದ ಒಳಗೆ ಬಂದ ತೇವ ಮೊದಲಾದರೆ ಕೋಣೆಯ ಕಡೆಗೆ ಆರಿಹೋಗುತ್ತಿತ್ತು. ಈಗ ಅಲ್ಲಿ ಪ್ಲಾಸ್ಟಿಕ್ ಬಾಗಿಲು. ಆಗಸ್ಟಿನಲ್ಲಿ ಕೋಣೆಗೆ ಹಳೆ ಗೋಣಿಚೀಲದ ವಾಸನೆ ಹತ್ತಿತು. ದೀಪಾವಳಿಗೆ ಸುಣ್ಣ-ಬಣ್ಣ ಮಾಡಲೆಂದು ಒಂದು ಪ್ಯಾನೆಲ್ ಬಿಚ್ಚಿದರೆ ಕಟ್ಟಿಗೆ ಪಟ್ಟಿ ತುಂಬ ಗೆದ್ದಲಿನ ಮಣ್ಣು, ಥರ್ಮಾಕೋಲಿನೊಳಗೂ ಸುರಂಗ. ಥರ್ಮಾಕೋಲನ್ನು ಗೆದ್ದಲು ತಿನ್ನುವುದಿಲ್ಲ, ಆದರೆ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಎಲ್ಲ ಕಿತ್ತು ಬಿಸಾಡಿದೆವು. ಅಂಗಡಿಯವನು ಫೋನ್ ಎತ್ತಲಿಲ್ಲ.

ಒಳಬದಿಯ ಇನ್ಸುಲೇಶನ್ನೇ ತಪ್ಪು ಅನ್ನುವುದಿಲ್ಲ. ಅಪಾರ್ಟ್‌ಮೆಂಟಿನವರಿಗೆ ಹೊರಗೋಡೆ ಮುಟ್ಟುವ ಹಕ್ಕಿಲ್ಲ, ಅವರಿಗೆ ಒಳಗೇ ಗತಿ. ಎಸಿ ರಾತ್ರಿ ಮಾತ್ರ ಹಚ್ಚುವ ಕೋಣೆ ಹಾಗೆ ಮಾಡಿದರೆ ಬೇಗ ತಂಪಾಗುವುದೂ ನಿಜ, ಎಸಿ ಇಡೀ ಇಟ್ಟಿಗೆ ರಾಶಿಯನ್ನು ತಣಿಸಬೇಕಾಗಿಲ್ಲ. ಆದರೆ ಮೊದಲು ಹೊರಗಿನ ಬಿರುಕು, ಪೈಪಿನ ಸೋರಿಕೆ, ಕೆಳಗಿನಿಂದ ಏರುವ ತೇವ ಮೂರನ್ನೂ ಮುಗಿಸಿರಬೇಕು, ಒಂದು ಮಳೆಗಾಲ ಕಾದು ನೋಡಿರಬೇಕು. ಕಟ್ಟಿಗೆ ಪಟ್ಟಿ ಬೇಡ, ಲೋಹದ ಚೌಕಟ್ಟು ಸಾಕು. ಮಂಗಳೂರು, ಕಾರವಾರದ ಕಡೆಯವರು ಇನ್ನೂ ಹುಷಾರಾಗಿರಬೇಕು: ಹೊರಗಿನ ತೇವದ ಗಾಳಿ ಗೋಡೆ ದಾಟಿ ಬಂದು ಎಸಿಯಿಂದ ತಣ್ಣಗಾದ ಪ್ಲಾಸ್ಟಿಕ್ ವಾಲ್‌ಪೇಪರಿನ ಹಿಂದೆ ನೀರಾಗಿ ನಿಲ್ಲುತ್ತದೆ. ತಣ್ಣೀರಿನ ತಂಬಿಗೆ ಬೆವರಿದಂತೆ. ಅಲ್ಲಿ ಒಳಮೈಗೆ ಉಸಿರಾಡುವ ಬಣ್ಣವೇ ಇರಬೇಕು.

ನಮ್ಮಂಥ ಒಣ ಬಿಸಿಲಿನ ಊರಿಗೆ ಹೊರಗಿನ ಅಂಗಿಯೇ ಸರಿ. ಕಾರಣ ನನ್ನ ತವರುಮನೆ. ಆಳಂದ ತಾಲ್ಲೂಕಿನ ಮಾಳಿಗೆ ಮನೆ ಅದು. ಕಲ್ಲು-ಮಣ್ಣಿನ ಗೋಡೆ ಎರಡು ಮೊಳ ದಪ್ಪ, ಮೇಲೆ ಜಂತಿ, ಹಲಗೆ, ಅದರ ಮೇಲೆ ಮಣ್ಣು. ಬೆಳಗಿನ ಜಾವ ಬಾಗಿಲು, ಬೆಳಕಿಂಡಿ ತೆರೆದು ತಂಪು ತುಂಬಿಕೊಂಡರೆ ಆ ಗೋಡೆ ಗಡಿಗೆಯ ಹಾಗೆ ಮಧ್ಯಾಹ್ನದವರೆಗೆ ಹಿಡಿದಿಡುತ್ತಿತ್ತು. ಹೊರಗೆ ಇನ್ಸುಲೇಶನ್ ಹಾಕಿದರೆ ನಮ್ಮ ಇಟ್ಟಿಗೆ ಗೋಡೆಗೂ ಆ ಗುಣ ಬರುತ್ತದೆ. ಒಳಗೆ ಹಾಕಿದರೆ ಇಟ್ಟಿಗೆ ಬಿಸಿಲಿನ ಪಾಲಾಗುತ್ತದೆ, ಕೋಣೆಗೆ ಗಡಿಗೆ ಇಲ್ಲ.

ಎಷ್ಟು ದಪ್ಪ, ಯಾವ ಮಾಲು

ಎರಡು ಇಂಚು ಒಳ್ಳೆಯ ಥರ್ಮಾಕೋಲ್ ಶಾಖ ತಡೆಯುವುದರಲ್ಲಿ ಸುಮಾರು ಮೂರೂವರೆ ಅಡಿ ಇಟ್ಟಿಗೆ ಗೋಡೆಗೆ ಸಮ. ಹೆಚ್ಚುಕಡಿಮೆ ನಮ್ಮಪ್ಪನ ಮನೆಯ ಗೋಡೆ. ಒಂಬತ್ತು ಇಂಚಿನ ಗೋಡೆಯಿಂದ, ಎರಡೂ ಬದಿಯ ಪ್ಲಾಸ್ಟರ್ ಸೇರಿ, ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 2 ವ್ಯಾಟ್ ಶಾಖ ಒಳಗೆ ಬರುತ್ತದೆ. ಒಂದಿಂಚು ಹಾಕಿದರೆ ಅದು 0.85ಕ್ಕೆ, ಎರಡಿಂಚಿಗೆ 0.53ಕ್ಕೆ, ನಾಲ್ಕಿಂಚಿಗೆ 0.3ಕ್ಕೆ ಇಳಿಯುತ್ತದೆ. ಮೊದಲ ಎರಡಿಂಚು ನಾಲ್ಕರಲ್ಲಿ ಮೂರು ಪಾಲು ಶಾಖ ತಡೆದುಬಿಟ್ಟಿತು, ಮುಂದಿನ ಎರಡಿಂಚು ಉಳಿದದ್ದರಲ್ಲಿ ಚೂರು ಹೆಕ್ಕುತ್ತದೆ. ಎರಡಕ್ಕೇ ನಿಲ್ಲಿಸಿ.

ಇದು ಎಸಿಗೆ ಏನು ಎಂದು ಕೇಳುವವರಿಗೆ: ಅತ್ತೆಯ ಕೋಣೆಯ ಆ ಗೋಡೆ, ಕಿಟಕಿ ಬಿಟ್ಟು, ಹನ್ನೊಂದೂವರೆ ಚದರ ಮೀಟರು. ಬಿಸಿಲು ಹೊಡೆಯುವಾಗ ಹೊರಮೈ ಮತ್ತು ಕೋಣೆಯ ನಡುವೆ ಮೂವತ್ತು ಡಿಗ್ರಿ ಅಂತರ ಹಿಡಿದರೆ 700 ವ್ಯಾಟಿನಷ್ಟು ಶಾಖ ಹೊರಗಿನಿಂದ ಗೋಡೆಗೆ ನುಗ್ಗುತ್ತಿರುತ್ತದೆ. ಒಂದು ಟನ್ನಿನ ಎಸಿ ತೆಗೆಯಬಲ್ಲದ್ದು ಮೂರೂವರೆ ಸಾವಿರ ವ್ಯಾಟು. ಅದರ ಐದನೇ ಒಂದು ಪಾಲಿನ ಕೆಲಸವನ್ನು ಒಂದೇ ಗೋಡೆ ಹಚ್ಚುತ್ತದೆ.

ಮಾಲಿನ ವಿಷಯದಲ್ಲಿ ಥರ್ಮಾಕೋಲಿಗಿಂತ ಎಕ್ಸ್‌ಪಿಎಸ್ ಹಲಗೆ (ಥರ್ಮಾಕೋಲಿನ ಜಾತಿಯದೇ ದಟ್ಟ ಫೋಮು) ಗಟ್ಟಿ, ನೀರು ಕುಡಿಯುವುದು ಕಡಿಮೆ, ದುಬಾರಿ. ಪಿಯುಎಫ್, ಅಂದರೆ ಫ್ರಿಜ್ಜಿನ ಗೋಡೆಯೊಳಗೆ ತುಂಬುವ ಫೋಮು, ಇನ್ನೂ ತೆಳ್ಳಗಿದ್ದೂ ಅಷ್ಟೇ ತಡೆಯುತ್ತದೆ, ಇನ್ನೂ ದುಬಾರಿ. ರಾಕ್‌ವೂಲ್‌ಗೆ, ಅಂದರೆ ಕಲ್ಲು ಕರಗಿಸಿ ಎಳೆದ ನಾರಿಗೆ, ಬೆಂಕಿ ಹತ್ತುವುದಿಲ್ಲ. ಅದಕ್ಕೇ ಮೀಟರ್ ಬೋರ್ಡಿನ ಸುತ್ತ, ಅಡುಗೆಮನೆ ಗ್ಯಾಸ್ ಸಿಲಿಂಡರ್ ಇರುವ ಗೋಡೆಯ ಹೊರಗೆ ರಾಕ್‌ವೂಲ್ ಹಲಗೆಯನ್ನೇ ಹಾಕಿ. ಉಳಿದದ್ದಕ್ಕೆ ಥರ್ಮಾಕೋಲ್ ಸಾಕು, ಆದರೆ ಮಾಡೆಲ್ ಮಾಡುವ ಹಾಳೆ ಅಲ್ಲ. ಒಂದು ಘನ ಮೀಟರಿಗೆ 20 ಕಿಲೋ ತೂಗುವ, ಬೆಂಕಿ ಹಬ್ಬದಂತೆ ಸಂಸ್ಕರಿಸಿದ ಮಾಲು ಕೇಳಬೇಕು.

ಮಾರುವವರು 20 ಎಂದೇ ಹೇಳುತ್ತಾರೆ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಎರಡಿಂಚು ದಪ್ಪದ ಹಲಗೆ 20ರ ಮಾಲಾದರೆ ಅರ್ಧ ಕಿಲೋ ತೂಗಬೇಕು. ನಮಗೆ ಬಂದ ಮೊದಲ ಲೋಡಿನ ಹಲಗೆಯನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಅಡ್ಡ ಇಟ್ಟೆ, 310 ಗ್ರಾಂ ಬಂತು. ಆಟೋದವನು ನಗುತ್ತಿದ್ದ. ಇನ್ನೊಂದಿಟ್ಟೆ, 305. ಗಾಡಿ ಇಳಿಸದೇ ವಾಪಸ್ ಕಳಿಸಿದೆ. ಎರಡನೇ ಲೋಡು 490, 505 ತೂಗಿತು. ಅಂಗಳದಲ್ಲಿ ಒಂದು ತುಂಡಿಗೆ ಕಡ್ಡಿ ಗೀರಿ ಹಿಡಿದೂ ನೋಡಿ: ಕಡ್ಡಿ ತೆಗೆದೊಡನೆ ಆರಬೇಕು. ಆ ಹೊಗೆ ಮೂಗಿಗೆ ಎಳೆದುಕೊಳ್ಳಬೇಡಿ.

ಕೆಲಸ

ಬೇಸಿಗೆಯ ಕೆಲಸವನ್ನು ಬೇಸಿಗೆಯಲ್ಲಿ ಮಾಡಿಸಬಾರದು. ಕಾದ ಗೋಡೆಗೆ ಅಂಟು ಹಚ್ಚಿದರೆ ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ನಾವು ಸಂಕ್ರಾಂತಿ ಮುಗಿಸಿ, 2025ರ ಜನವರಿಯಲ್ಲಿ ಶುರು ಮಾಡಿದೆವು. ಪಶ್ಚಿಮದ ಗೋಡೆಯ ಕೆಲಸ ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ ಮಾತ್ರ, ಆಗ ಅಲ್ಲಿ ನೆರಳು. ಮಧ್ಯಾಹ್ನಕ್ಕೆ ಹಸಿರು ಬಲೆ ಇಳಿಬಿಟ್ಟು ಹಸಿ ಮೈ ಮುಚ್ಚುತ್ತಿದ್ದೆವು.

ಇಡೀ ಪಶ್ಚಿಮದ ಬದಿ 26 ಅಡಿ ಉದ್ದ, 11 ಅಡಿ ಎತ್ತರ. ಎರಡು ಕಿಟಕಿ ಕಳೆದು 254 ಚದರಡಿ. ಕತ್ತರಿಸಿ ಹಾಳಾಗುವುದೂ ಸೇರಿ 52 ಹಲಗೆ. ಗೋಡೆ ಎರಡೂವರೆ ಇಂಚು ಹೊರಗೆ ಬೆಳೆಯುತ್ತದೆ ಎಂಬುದನ್ನು ನೆನಪಿಡಿ. ನಿಮ್ಮ ಗೋಡೆ ಗಡಿಗೇ ಅಂಟಿದ್ದರೆ ಪಕ್ಕದವರನ್ನು ಕೇಳದೆ ಹಲಗೆ ತರಬೇಡಿ.

ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಬಿಟ್ಟಿದೆ ಎಂದರ್ಥ, ಕೆತ್ತಿ ಹೊಸದಾಗಿ ಮಾಡಿಸಿ. ಬಿರುಕು ತುಂಬಿಸಿ. ಉದುರುವ ಬಣ್ಣವನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ತೊಳೆದು, ಎರಡು ದಿನ ಒಣಗಿಸಿ. ಸುಣ್ಣದ ಮೇಲೆ, ಆಯಿಲ್ ಪೇಂಟಿನ ಮೇಲೆ ಅಂಟು ನಿಲ್ಲುವುದಿಲ್ಲ, ಪೂರ್ತಿ ತೆಗೆಯಬೇಕು. ಮಳೆನೀರಿನ ಪೈಪು, ಡಿಶ್ಶಿನ ಕ್ಲ್ಯಾಂಪು ಬಿಚ್ಚಿಡಿ. ಆಮೇಲೆ ಉದ್ದ ಬೋಲ್ಟು ಹಾಕಿ ಇಟ್ಟಿಗೆಗೇ ಕೂರಿಸಬೇಕು, ಥರ್ಮಾಕೋಲಿಗೆ ಭಾರ ಹೊರುವ ಶಕ್ತಿ ಇಲ್ಲ.

ಹಲಗೆ ನೆಲದಿಂದ ಶುರುವಾಗಬಾರದು. ಒಂಬತ್ತು ಇಂಚು ಬಿಟ್ಟು, ರಸಮಟ್ಟ ಹಿಡಿದು, ಅಲ್ಯೂಮಿನಿಯಂ ಪಟ್ಟಿಯೊಂದನ್ನು ಅಡ್ಡಕ್ಕೆ ಹೊಡೆಯಿರಿ. ಹಲಗೆಯ ಮೊದಲ ಸಾಲು ಅದರ ಮೇಲೆ ಕೂರುತ್ತದೆ. ಗೆದ್ದಲು ಹತ್ತಿದರೆ ಕೆಳಗಿನ ಬರಿಯ ಒಂಬತ್ತು ಇಂಚಿನಲ್ಲಿ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. 2019ರಲ್ಲಿ 22 ಸಾವಿರ ಕೊಟ್ಟು ಕಲಿತದ್ದು ಈ ಒಂಬತ್ತು ಇಂಚು.

ಅಂಟು ಎಂದರೆ ಪಾಲಿಮರ್ ಬೆರೆಸಿದ ಸಿಮೆಂಟು, ಚೀಲದಲ್ಲಿ ಬರುತ್ತದೆ. ನಮ್ಮ ಗೌಂಡಿ ಹತ್ತಾರು ವರ್ಷ ಟೈಲ್ಸ್ ಹಚ್ಚಿದವನು. ಹಲಗೆಯ ಬೆನ್ನಿಗೆ ಐದು ಮುದ್ದೆ ಇಟ್ಟು ಒತ್ತಲು ಹೊರಟ.

"ನಾಲ್ಕೂ ಅಂಚಿಗೆ ಕಟ್ಟೆ ಕಟ್ಟಪ್ಪಾ. ನಡುವೆ ಮೂರು ಮುದ್ದೆ ಸಾಕು."

"ಟೈಲ್ಸಿಗೆ ಐದ್ ಮುದ್ದಿ ಹಿಡಿತದಲ್ರಿ ಅಕ್ಕೋರ. ಇದು ಹಗುರ ಅದ, ಸುಮ್ನ ಮಾಲ್ ಯಾಕ್ ಕೆಡಸ್ತೀರಿ?"

ಹಲಗೆ ಬೀಳುವುದರ ಭಯ ನನಗಿರಲಿಲ್ಲ. ಬರೀ ಮುದ್ದೆ ಇಟ್ಟರೆ ಹಲಗೆಯ ಹಿಂದೆ ಮೇಲಿನಿಂದ ಕೆಳಗಿನವರೆಗೆ ಒಂದೇ ಪೊಳ್ಳು ಆಗುತ್ತದೆ, ಬಿಸಿಗಾಳಿ ಅದರೊಳಗೆ ಓಡಾಡುತ್ತದೆ, ಹಲಗೆ ಇದ್ದೂ ಇಲ್ಲದಂತೆ. ಬೆಂಕಿ ಹತ್ತಿದರೆ ಅದೇ ಪೊಳ್ಳು ಹೊಗೆಕೊಳವೆ. ಅಂಚಿಗೆ ಕಟ್ಟೆ ಇದ್ದರೆ ಪ್ರತಿ ಹಲಗೆಯ ಹಿಂದಿನ ಗಾಳಿ ಅಲ್ಲಲ್ಲೇ ಬಂಧಿ. ಇದನ್ನೆಲ್ಲ ಹೇಳಿದೆ. ಆತ ಕೇಳಿಸಿಕೊಂಡು, ಕರಣಿ ತೊಳೆದು, "ಅಂದ್ರ ಕಡಬಿಗೆ ಅಂಚು ಒತ್ತಿದಂಗ" ಎಂದ. ಅಲ್ಲಿಂದ ಮುಂದೆ ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ.

ಇಟ್ಟಿಗೆ ಕಟ್ಟಿದಂತೆ ಸಾಲಿನಿಂದ ಸಾಲಿಗೆ ಸಂದು ತಪ್ಪಿಸಿ ಹಚ್ಚಬೇಕು. ಕಿಟಕಿಯ ಮೂಲೆಗೆ ಹಲಗೆಯ ಸಂದು ಬರಬಾರದು. ಒಂದೇ ಹಲಗೆಯನ್ನು ಇಂಗ್ಲಿಷಿನ L ಆಕಾರಕ್ಕೆ ಕತ್ತರಿಸಿ ಮೂಲೆ ಸುತ್ತಬೇಕು. ಹಲಗೆಗಳ ನಡುವೆ ಬೆರಳು ತೂರುವ ಸಂದು ಉಳಿದರೆ ಅದಕ್ಕೆ ಅಂಟು ಮೆತ್ತದೆ ಥರ್ಮಾಕೋಲಿನದೇ ಸಣ್ಣ ಚಕ್ಕೆ ತುರುಕಿ. ಸಿಮೆಂಟು ತುಂಬಿದ ಪ್ರತಿ ಸಂದೂ ಶಾಖಕ್ಕೆ ಕಾಲುದಾರಿ. ಉಬ್ಬುತಗ್ಗನ್ನು ಉಪ್ಪುಕಾಗದ ಸುತ್ತಿದ ಹಲಗೆಯಿಂದ ಉಜ್ಜಿ ಸಮ ಮಾಡಿ. ಗಾಳಿ ಇಲ್ಲದ ಹೊತ್ತು ನೋಡಿ ಉಜ್ಜಿ. ನಮ್ಮ ಓಣಿಯಲ್ಲಿ ಅವತ್ತು ಕಲಬುರಗಿ ಕಂಡರಿಯದ ಹಿಮ ಬಿತ್ತು, ಎರಡು ಮನೆಯ ಅಂಗಳ ಗುಡಿಸಿ ಕ್ಷಮೆ ಕೇಳಿ ಬಂದೆ.

ಅಂಟು ಒಂದು ದಿನ ಪೂರ್ತಿ ಒಣಗಿದ ಮೇಲೆ ಕೊಡೆಯಂಥ ತಲೆಯ ಪ್ಲಾಸ್ಟಿಕ್ ಮೊಳೆಗಳು. ಚದರ ಮೀಟರಿಗೆ ಆರರ ಲೆಕ್ಕದಲ್ಲಿ, ಹಲಗೆಗೆ ಮೂರು. ಗಾಳಿ ಎಳೆಯುವ ಮನೆಯ ಮೂಲೆಗಳಲ್ಲಿ ಇನ್ನೊಂದೆರಡು. ಮೊಳೆ ಐದಿಂಚಿನದಿರಲಿ. ಹಲಗೆ, ಅಂಟು, ಹಳೆ ಪ್ಲಾಸ್ಟರ್ ದಾಟಿ ಇಟ್ಟಿಗೆಯೊಳಗೆ ಒಂದೂವರೆ ಇಂಚಾದರೂ ಹೋಗಬೇಕು. ನಡುವಿನ ಕಡ್ಡಿ ಕಬ್ಬಿಣದ್ದಾದರೆ ಅದೇ ಶಾಖ ಒಯ್ಯುತ್ತದೆ, ಪ್ಲಾಸ್ಟಿಕ್ಕಿನದೇ ಕೇಳಿ.

ಇನ್ನು ಮೇಲ್ಮೈ. ಅದೇ ಬಗೆಯ ಗಾರೆಯನ್ನು ತೆಳ್ಳಗೆ ಎಳೆದು, ಹಸಿ ಇರುವಾಗಲೇ ಗಾಜಿನ ನಾರಿನ ಜಾಲರಿ ಒತ್ತಿ, ಮೇಲೆ ಇನ್ನೊಂದು ಪದರ. ಒಟ್ಟು ನಾಲ್ಕೈದು ಮಿಲಿಮೀಟರ್. ಸಿಮೆಂಟಿನ ಕ್ಷಾರಕ್ಕೆ ಕರಗದ ಜಾಲರಿಯೇ ಬೇಕು, ಸೊಳ್ಳೆ ಜಾಲರಿ ಅಲ್ಲ. ಜಾಲರಿಯ ಒಂದು ಪಟ್ಟೆ ಇನ್ನೊಂದರ ಮೇಲೆ ನಾಲ್ಕು ಇಂಚು ಹತ್ತಿರಬೇಕು. ಕೆಲವರು ಒಣ ಹಲಗೆಯ ಮೇಲೆ ಜಾಲರಿ ಹಾಸಿ ಮೇಲಿನಿಂದ ಗಾರೆ ಬಳಿಯುತ್ತಾರೆ. ಅದು ಹಪ್ಪಳದಂತೆ ಎದ್ದು ಬರುತ್ತದೆ. ಕಿಟಕಿಯ ನಾಲ್ಕೂ ಮೂಲೆಗೆ ಒಂದಡಿ ಉದ್ದದ ಜಾಲರಿ ತುಂಡನ್ನು ಓರೆಯಾಗಿ ಮೊದಲೇ ಹಚ್ಚಬೇಕು, ಬಿರುಕು ಹುಟ್ಟುವುದು ಅಲ್ಲಿಂದಲೇ. ಥರ್ಮಾಕೋಲನ್ನು ವಾರಗಟ್ಟಲೆ ಬರಿಯ ಬಿಸಿಲಿಗೆ ಬಿಟ್ಟರೆ ಹಳದಿಯಾಗಿ ಪುಡಿಯೇಳುತ್ತದೆ, ಹಾಗಾಗಿ ಇದನ್ನು ಮುಂದೂಡಬೇಡಿ. ಮೇಲ್ತುದಿಯಲ್ಲಿ ಹಲಗೆಯ ನೆತ್ತಿ ಮುಚ್ಚುವಂತೆ ತಗಡು ಬಗ್ಗಿಸಿ ಹೊಡೆಯಿರಿ, ಇಲ್ಲದಿದ್ದರೆ ಮಳೆನೀರು ಹಲಗೆಯ ಹಿಂದೆ ಇಳಿಯುತ್ತದೆ. ಕೊನೆಗೆ ಹೊರಗೋಡೆಯ ಬಣ್ಣ, ಬಿಳಿ ಅಥವಾ ತೀರಾ ತಿಳಿ. ನಮ್ಮ ಮನೆಯವರಿಗೆ ಕಡು ಇಟ್ಟಿಗೆ ಬಣ್ಣದ ಆಸೆಯಿತ್ತು. ಅದನ್ನು ಗೇಟಿಗೆ ಬಳಿಸಿದೆವು.

ಹನ್ನೊಂದು ದಿನ ಹಿಡಿಯಿತು. ಎಲ್ಲ ಸೇರಿ 46 ಸಾವಿರದ ಹತ್ತಿರ, ಚದರಡಿಗೆ 180 ಬಿದ್ದಂತಾಯಿತು.

ಕಿಟಕಿ ಬಿಟ್ಟರೆ ಕೆಲಸ ಅರ್ಧ

ನಾಲ್ಕಡಿ ಚೌಕದ ಗಾಜಿನ ಕಿಟಕಿಯೊಂದರಿಂದ ಸಂಜೆ ಬಿಸಿಲಿನಲ್ಲಿ ಒಳಬರುವ ಶಾಖ ಹೆಚ್ಚುಕಡಿಮೆ ಇಡೀ ಗೋಡೆಗೆ ಬಡಿಯುವಷ್ಟೇ, ಅದೂ ಆರು ತಾಸು ಕಾಯದೆ ತಕ್ಷಣ. ಒಳಗಿನ ಪರದೆ ಬಿಸಿಲು ಒಳಗೆ ಬಂದ ಮೇಲೆ ತಡೆಯುತ್ತದೆ. ಬಿದಿರು ಕಡ್ಡಿಯ ಪರದೆ, ಅಂದರೆ ಚಿಕ್, ಕಿಟಕಿಯ ಹೊರಗೆ ಇಳಿಬಿಡಿ. ಸಂಜೆ ಸೂರ್ಯ ಕೆಳಗಿಳಿದಿರುವುದರಿಂದ ಪಶ್ಚಿಮಕ್ಕೆ ಛಜ್ಜಾ ಉದ್ದ ಮಾಡಿಸಿ ಪ್ರಯೋಜನವಿಲ್ಲ. ಚೌಕಟ್ಟಿನ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಲು ಇನ್ನೂರು ರೂಪಾಯಿ ಸಾಕು.

ಕಿಟಕಿ ಯಾವಾಗ ತೆರೆಯಬೇಕು ಎಂಬುದೂ ಈ ಕೆಲಸದ ಭಾಗವೇ. ಬೆಳಗಿನ ನಾಲ್ಕರಿಂದ ಎಂಟರವರೆಗೆ ಎಲ್ಲ ತೆರೆದಿಡಿ, ಆಮೇಲೆ ಮುಚ್ಚಿ. ಕೂಲರ್ ಹಚ್ಚುವವರ ಲೆಕ್ಕ ಬೇರೆ, ಅದಕ್ಕೆ ಗಾಳಿ ಹೊರಹೋಗುವ ದಾರಿ ಇರಲೇಬೇಕು. ಅವರಿಗೂ ಗೋಡೆ ಕಾಯದಿದ್ದರೆ ಲಾಭವೇ, ಆದರೆ ಎಸಿಯವರಷ್ಟು ಬಿಲ್ಲಿನಲ್ಲಿ ಕಾಣುವುದಿಲ್ಲ.

46 ಸಾವಿರ ಇಲ್ಲದವರು, ಬಾಡಿಗೆ ಮನೆಯವರು ಪಶ್ಚಿಮದ ಗೋಡೆಗೆ ಸುಣ್ಣ ಹೊಡೆಸಿ, ಅದರಿಂದ ಒಂದಡಿ ದೂರಕ್ಕೆ ಬೊಂಬು ನಿಲ್ಲಿಸಿ ಹಸಿರು ಬಲೆ ಕಟ್ಟಿ. ಗೋಡೆಗೇ ಅಂಟಿಸಿ ಕಟ್ಟಬೇಡಿ, ನಡುವೆ ಗಾಳಿ ಆಡಬೇಕು. ಬಲೆಯ ಬದಲು ಹೀರೆ, ತುಪ್ಪರಿ ಬಳ್ಳಿ ಹಬ್ಬಿಸಿದರೆ ಪಲ್ಯವೂ ಆಯಿತು. ಹೊರಗೆ ಜಾಗ ಇದ್ದು ಥರ್ಮಾಕೋಲ್ ಎಂದರೆ ಮುಖ ಮುರಿಯುವವರು ನಾಲ್ಕಿಂಚಿನ ಎಎಸಿ ಬ್ಲಾಕಿನ (ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಇಟ್ಟಿಗೆ) ಎರಡನೇ ಗೋಡೆ ಎಬ್ಬಿಸಬಹುದು. ಎರಡಿಂಚಿನ ಥರ್ಮಾಕೋಲಿನಷ್ಟು ತಡೆಯುವುದಿಲ್ಲ, ಬರುವ ಶಾಖ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೆ ಕೆಳಗೆ ಪಾಯ ಬೇಕು, ಹಳೆ ಗೋಡೆಗೆ ಅಲ್ಲಲ್ಲಿ ಕಟ್ಟು ಹಾಕಬೇಕು.

ಲೆಕ್ಕ

ಗೃಹಜ್ಯೋತಿಗೆ ಚಾಲನೆ ಕೊಟ್ಟದ್ದು ನಮ್ಮೂರಿನಲ್ಲೇ, 2023ರ ಆಗಸ್ಟ್ 5ರಂದು. ಅದರಲ್ಲಿ ಒಂದು ಕೊರಕಲಿದೆ: 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ನಮ್ಮ ಹಳೆಯ ಸರಾಸರಿಗೆ ಹತ್ತು ಶೇಕಡಾ ಸೇರಿಸಿ ಬಂದ ಉಚಿತ ಪಾಲು 140. 2024ರ ಏಪ್ರಿಲ್ಲಿನಲ್ಲಿ 231 ಓಡಿತ್ತು, 231ಕ್ಕೂ ಕಟ್ಟಿದೆವು. 2025ರ ಏಪ್ರಿಲ್ಲಿನಲ್ಲಿ 192. ಹೆಚ್ಚುವರಿ 52ಕ್ಕೆ ಮಾತ್ರ ದುಡ್ಡು. ಗೋಡೆ ಉಳಿಸಿದ್ದೆಷ್ಟು, ಚಿಕ್ ಪರದೆ ಉಳಿಸಿದ್ದೆಷ್ಟು ಎಂದು ನಾನು ಬೇರ್ಪಡಿಸಿಲ್ಲ. ಮೇ ತಿಂಗಳನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ, ಆ ವರ್ಷದ ಮೇ ಮಳೆ ಸುರಿದು ತಂಪಾಗಿತ್ತು, ಅದನ್ನು ನನ್ನ ಗೋಡೆಯ ಖಾತೆಗೆ ಬರೆದುಕೊಂಡರೆ ಮೋಸ. ವರ್ಷಕ್ಕೆ ಮೂರೂವರೆ ಸಾವಿರ ಉಳಿಯಿತೆಂದರೂ ಹಾಕಿದ ದುಡ್ಡು ತಿರುಗಿ ಬರಲು ಸುಮಾರು ಹದಿಮೂರು ವರ್ಷ ಬೇಕು. ಬರೀ ದುಡ್ಡಿನ ಲೆಕ್ಕಕ್ಕೆ ಇದನ್ನು ಮಾಡಿಸುವವರಿಗೆ ಸುಣ್ಣ, ಬಲೆ, ಚಿಕ್ಕೇ ಒಳ್ಳೆಯ ವ್ಯಾಪಾರ. ನಮ್ಮಲ್ಲಿ ರಾತ್ರಿ ಹತ್ತೂವರೆಗೆ ಗೋಡೆಯ ಒಳಮೈ 35 ತೋರಿಸಿತು, ಅತ್ತೆ ಕೋಣೆಯ ನಡುವಿಗೆ ಎಳೆಸಿಕೊಂಡಿದ್ದ ಮಂಚವನ್ನು ಮತ್ತೆ ಗೋಡೆಗೆ ಒತ್ತಿಸಿದರು.

ಜೂನ್ ಮಳೆಯ ನಂತರ ಎರಡನೇ ಕಿಟಕಿಯ ಕೆಳಗಿನ ಎಡಮೂಲೆಯಲ್ಲಿ ಓರೆಯಾದ ಕೂದಲೆಳೆ ಬಿರುಕು ಕಂಡಿತು. ಅಂಥದ್ದು ಬಂದರೆ ಸುಮ್ಮನೆ ಬಣ್ಣ ಬಳಿಯಬೇಡಿ. ಅಂಗೈ ಅಗಲ ಕೆರೆದು, ಜಾಲರಿ ತುಂಡು ಓರೆಯಾಗಿ ಇಟ್ಟು, ಅದೇ ಗಾರೆಯಿಂದ ಮುಚ್ಚಿ. ಗೌಂಡಿಯನ್ನು ಕರೆಸಿದೆ. ಬಹಳ ಹೊತ್ತು ನೋಡಿ, ತಲೆ ಕೆರೆದುಕೊಂಡ. "ಮೂರ್ ಮೂಲಿಗಿ ಪಟ್ಟಿ ಹಚ್ಚೀನ್ರಿ ಅಕ್ಕೋರ. ನಾಕನೇದಕ್ಕ ನೀವು ಊಟಕ್ಕ ಕರದ್ರಿ."